ಗಬ್ಬೂರು ಸ್ಟಾಪಿನ ಹತ್ತು ಸೆಕೆಂಡು

ಲೆಕ್ಕ ತಾಳೆಯಾಗದಿದ್ದರೆ ಕಂಡಕ್ಟರನಿಗೆ ಊಟ ಸೇರುವುದಿಲ್ಲ. ನಿವೃತ್ತಿಯಾದರೂ ನನಗೆ ಆ ಚಟ ಬಿಟ್ಟಿಲ್ಲ. ಮಾನ್ವಿಯ ಜಗನ್ನಾಥದಾಸರು ಹರಿಕಥಾಮೃತಸಾರದಲ್ಲಿ ಶ್ವಾಸಕ್ಕೆಂದೇ ಒಂದು ಸಂಧಿ ಬರೆದು, ದಿನಕ್ಕೆ 21,600 ಉಸಿರು ಎಂದಿದ್ದಾರೆ. ಆ ಎಣಿಕೆ ದಾಸರಿಗಿಂತ ಹಳೆಯದು. ಅವರು ಅದನ್ನು ಕನ್ನಡದ ಷಟ್ಪದಿಗೆ ತಂದರು. ಮೊದಲ ಸಲ ಕೇಳಿದಾಗ ವೇಬಿಲ್ಲಿನ ಹಿಂಬದಿಯಲ್ಲೇ ಲೆಕ್ಕ ಹಾಕಿದೆ. ದಿನಕ್ಕೆ 60 ಘಳಿಗೆ, ಘಳಿಗೆಗೆ 360 ಉಸಿರು. ಘಳಿಗೆ ಅಂದರೆ 24 ನಿಮಿಷ. ನಿಮಿಷಕ್ಕೆ ಹದಿನೈದು ಬಂತು. ಸುಮ್ಮನೆ ಕೂತವರ ಉಸಿರು 12ರಿಂದ 20 ಎನ್ನುತ್ತಾರೆ ಇವತ್ತಿನ ಡಾಕ್ಟರು. ಟ್ಯಾಲಿ ಆಯಿತು!

ನಾವು ಮಲಗಿದಾಗಲೂ ಒಳಗೆ ಪ್ರಾಣದೇವರ ಜಪ ನಡೆದಿರುತ್ತದೆ ಎಂಬುದು ದಾಸರ ನಂಬಿಕೆ. ನಾನು ಅಷ್ಟು ದೂರ ಹೋದವನಲ್ಲ. ನನಗೆ ಬೇಕಾಗಿದ್ದುದು ಚಿಲ್ಲರೆ ಜಗಳದ ನಡುವೆ ಬಾಯಿ ಬಿಗಿಹಿಡಿಯುವ ಉಪಾಯ. ರಾಯಚೂರು–ದೇವದುರ್ಗ ರೂಟಿನಲ್ಲಿ, ಮೇ ತಿಂಗಳ ಬಿಸಿಲಲ್ಲಿ, ಐವತ್ತು ಸೀಟಿನ ಬಸ್ಸಿಗೆ ತೊಂಬತ್ತು ಜನ ಹತ್ತಿದಾಗ ಉಸಿರು ಎದೆಯ ಮೇಲ್ಭಾಗಕ್ಕೇ ಸಿಕ್ಕಿಕೊಳ್ಳುತ್ತದೆ. ಆಗ ಕಂಬಿಗೆ ಬೆನ್ನು ಕೊಟ್ಟು, ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ. ಒಂದು ಉಸಿರಿಗೆ ಹತ್ತು ಸೆಕೆಂಡು. ಮಣಿಕಟ್ಟಿನ ನಾಡಿ ಹಿಡಿದು ನೋಡಿ, ಉಸಿರು ಬಿಡುವಾಗ ಬಡಿತ ತುಸು ನಿಧಾನವಾಗುವುದು ಬೆರಳಿಗೇ ಗೊತ್ತಾಗುತ್ತದೆ. ಮಿದುಳಿನಿಂದ ಎದೆಗಿಳಿಯುವ ವೇಗಸ್ ನರದ ಕೆಲಸವಂತೆ ಅದು.

ಜೂನ್ 21ರ ಯೋಗ ದಿನಕ್ಕೆ ಎಲ್ಲ ಕಡೆ ಚಾಪೆ ಹಾಸುತ್ತಾರೆ, ಫೋಟೋ ಆಗುತ್ತದೆ, 22ಕ್ಕೆ ಚಾಪೆ ಸುತ್ತಿಡುತ್ತಾರೆ. ನನ್ನ ತಕರಾರು ಅದಲ್ಲ. ಒಮ್ಮೆ ನೈಟ್ ಔಟ್ ಡ್ಯೂಟಿ ಮುಗಿಸಿ ಬಂದ ನಮ್ಮನ್ನು ಒಂದು ಹಾಲಿನಲ್ಲಿ ಕೂರಿಸಿ, ಒತ್ತಡವೆಲ್ಲ ನಿಮ್ಮ ಮನಸ್ಸಿನಲ್ಲೇ ಇದೆ ಎಂದು ಪಾಠ ಹೇಳಿದರು. ಸ್ವಾಮಿ, ಒತ್ತಡ ಡ್ಯೂಟಿ ಚಾರ್ಟಿನಲ್ಲಿತ್ತು. ಅರ್ಧ ಜನ ಗೊರಕೆ ಹೊಡೆದರು. ಅವರದೇ ಸರಿಯಾದ ಧ್ಯಾನ. ನಿದ್ದೆ, ರಜೆ, ಜೊತೆಗೊಬ್ಬ ಆಳು ಕೊಡಬೇಕಾದ ಜಾಗದಲ್ಲಿ ಉಸಿರಾಟ ಕೊಟ್ಟು ಕೈತೊಳೆದುಕೊಳ್ಳಬಾರದು. ಕೆಲವರಿಗೆ ಕಣ್ಣುಮುಚ್ಚಿ ಉಸಿರು ನೋಡಿದರೆ ಗಾಬರಿ ಹೆಚ್ಚುತ್ತದೆ. ಅಂಥವರು ಕಣ್ಣು ಬಿಟ್ಟೇ ಇರಲಿ. ಮನಸ್ಸು ತೀರಾ ಕುಸಿದಿದ್ದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಲಿ, ದುಡ್ಡು ಬೀಳುವುದಿಲ್ಲ.

2023ರ ಜೂನಿನಲ್ಲಿ, ರಾಜ್ಯದ ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಶುರುವಾದ ಹೊಸದು. ಗಬ್ಬೂರಿನಲ್ಲಿ ಒಬ್ಬ ಅಜ್ಜಿ ಹತ್ತಿದಳು. ಶೂನ್ಯ ಟಿಕೆಟ್ ಕೊಡಲು ಆಧಾರ್ ಕೇಳಿದೆ.

“ನಾ ಎಲ್ಲಿಯಾಕಿ ಅಂತ ನನ್ನ ಮಾತು ಕೇಳಿದ್ರ ತಿಳಿಯಂಗಿಲ್ಲೇನೋ ತಮ್ಮಾ?”

ಹಿಂದಿನವರು ನಕ್ಕರು, ಡ್ರೈವರು ಹಾರ್ನ್ ಹೊಡೆದ. ನಾಲಿಗೆ ತುದಿಗೆ ಬಂದ ಮಾತನ್ನು ನುಂಗಿ, ಕಂಬಿ ಹಿಡಿದು ಆರು ಎಣಿಸುತ್ತ ಉಸಿರು ಬಿಟ್ಟೆ. ಅಷ್ಟರಲ್ಲಿ ಅಜ್ಜಿ ಎಲೆಅಡಿಕೆ ಚೀಲ ಬಿಚ್ಚಿದಳು. ಸುಣ್ಣದ ಡಬ್ಬಿ ತೆಗೆದಳು, ಅಡಿಕೆ ತೆಗೆದಳು, ತಳದಿಂದ ನಾಲ್ಕು ಮಡಿಕೆಯ ಕಾಗದ ತೆಗೆದಳು. ಆಧಾರ್ ನನ್ನ ಕೈಗೆ, ಅಡಿಕೆ ಹೋಳೂ ನನ್ನ ಕೈಗೆ.

“ದಣದೀದಿ, ಬಾಯಾಗ ಹಾಕ್ಕೋ” ಅಂದಳು.