ಏರುವುದು ಗೊತ್ತು, ಇಳಿಯುವುದು ಗೊತ್ತಿಲ್ಲ

ಸಿಂಧನೂರು ಸೀಮೆಯ ಸಾಲಗುಂದದ ಭತ್ತ ಹೊತ್ತ ಲಾರಿ ಟೋಲ್ ಗೇಟು ದಾಟಿದರೆ ಆ ಹಣ ಯಾರ ಜೇಬಿನದು? ಫಾಸ್ಟ್ಯಾಗ್ ಇರುವುದು ಲಾರಿ ಮಾಲೀಕನ ಹೆಸರಲ್ಲಿ, ಹಣ ಕಡಿತದ ಮೆಸೇಜ್ ಬರುವುದೂ ಅವನ ಮೊಬೈಲಿಗೇ. ಅವನು ಅದನ್ನು ಬಾಡಿಗೆಗೆ ಸೇರಿಸುತ್ತಾನೆ. ಬಾಡಿಗೆ ಏರಿದಷ್ಟನ್ನು ಖರೀದಿದಾರ 75 ಕೆ.ಜಿ. ಚೀಲದ ದರದಲ್ಲಿ ಮುರಿದುಕೊಳ್ಳಲು ನೋಡುತ್ತಾನೆ. ಕೊನೆಗೆ ಟೋಲ್ ತೆತ್ತವನು ಗೇಟಿನ ಮುಖವನ್ನೇ ನೋಡದ ರೈತ. ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆ ಟೋಲ್ ವಿರೋಧವೆಂದರೆ ಕಾರಿನವರ ಗೊಣಗಾಟ ಎಂದು ತಳ್ಳಿಹಾಕುವವರು ಈ ಲೆಕ್ಕವನ್ನೂ ಹಾಕಿ ನೋಡಲಿ.

ರಾಷ್ಟ್ರೀಯ ಹೆದ್ದಾರಿ ಶುಲ್ಕದ 2008ರ ನಿಯಮಗಳಲ್ಲಿ ಟ್ರ್ಯಾಕ್ಟರಿಗೂ ಭತ್ತ ಕೊಯ್ಯುವ ಯಂತ್ರಕ್ಕೂ ವಿನಾಯಿತಿ ಇದೆ. ಸಂತೋಷ. ಆದರೆ ಸಿಂಧನೂರಿನ ಮಿಲ್ಲಿನಿಂದ ಅಕ್ಕಿ ಬೆಂಗಳೂರಿಗೆ ಟ್ರ್ಯಾಕ್ಟರಿನಲ್ಲಿ ಹೋಗುವುದಿಲ್ಲ.

2021ರ ಫೆಬ್ರವರಿ 15ರ ಮಧ್ಯರಾತ್ರಿಯಿಂದ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಯಿತು. ಸಾಲು ಕರಗಿತು, ಚಿಲ್ಲರೆ ಜಗಳ ನಿಂತಿತು, ಒಪ್ಪೋಣ. ಜೊತೆಗೆ ಇನ್ನೊಂದೂ ನಿಂತಿತು. ರೊಕ್ಕ ಕೈಯಲ್ಲಿ ಹಿಡಿದು "ಇಂಥ ರಸ್ತೆಗೆ ಯಾಕ್ ಕೊಡಬೇಕ್ರಿ?" ಎಂದು ಕೇಳುವ ಆ ಒಂದು ನಿಮಿಷ. ಈಗ ಕೇಳುವಷ್ಟರಲ್ಲಿ ಹಣ ಹೋಗಿರುತ್ತದೆ.

ಈ ವ್ಯವಸ್ಥೆಗೆ ಏರುವುದು ಚೆನ್ನಾಗಿ ಗೊತ್ತು. ಅದೇ 2008ರ ನಿಯಮದ ಪ್ರಕಾರ ದರ ಪ್ರತಿ ವರ್ಷ ಶೇ 3ರಷ್ಟು ಹೆಚ್ಚುತ್ತದೆ, ಸಗಟು ಬೆಲೆ ಸೂಚ್ಯಂಕದ ಏರಿಕೆಯಲ್ಲಿ ಶೇ 40ರಷ್ಟು ಅದರ ಮೇಲೆ. ಯಾರೂ ಅರ್ಜಿ ಹಾಕಬೇಕಿಲ್ಲ, ಧರಣಿ ಕೂರಬೇಕಿಲ್ಲ. ಇಳಿಯುವುದಕ್ಕೂ ಆ ನಿಯಮದಲ್ಲಿ ಒಂದು ದಾರಿ ಇತ್ತು: ರಸ್ತೆಗೆ ಹಾಕಿದ ಬಂಡವಾಳ ವಾಪಸ್ ಬಂದ ಮೇಲೆ ಶುಲ್ಕ ಶೇ 40ಕ್ಕೆ ಇಳಿಯಬೇಕಿತ್ತು. 2023ರ ತಿದ್ದುಪಡಿ ಅದನ್ನೂ ಮುಚ್ಚಿತು.

ಹಾಗಾಗಿ ಇಳಿಸಬೇಕೆಂದರೆ ಬೀದಿ, ಇಲ್ಲವೇ ಕೋರ್ಟು. ಸುರತ್ಕಲ್‌ನ ಟೋಲ್ ಗೇಟು ವರ್ಷಗಟ್ಟಲೆ ಹೋರಾಟ ಕಂಡು, ಜನ ಗೇಟಿಗೇ ನುಗ್ಗಿ, ಹಗಲು ರಾತ್ರಿ ಧರಣಿ ಕೂತ ಮೇಲೆ 2022ರ ಡಿಸೆಂಬರ್ 1ರಿಂದ ನಿಂತಿತು. ಕೇರಳದ ಪಾಲಿಯೆಕ್ಕರದಲ್ಲಿ ಹೆದ್ದಾರಿ ಕಾಮಗಾರಿಯಿಂದ ವಾಹನಗಳು ಗಂಟೆಗಟ್ಟಲೆ ನಿಂತಲ್ಲೇ ನಿಂತಾಗ, 2025ರ ಆಗಸ್ಟ್ 6ರಂದು ಅಲ್ಲಿನ ಹೈಕೋರ್ಟ್ ವಸೂಲಿ ನಿಲ್ಲಿಸಿತು. ಹೆದ್ದಾರಿ ಪ್ರಾಧಿಕಾರ ಸುಪ್ರೀಂ ಕೋರ್ಟಿಗೆ ಹೋಗಿ ಅಲ್ಲಿಯೂ ಸೋತಿತು. ಓಡಾಡಲು ಯೋಗ್ಯವಲ್ಲದ ರಸ್ತೆಗೆ ಶುಲ್ಕ ಕೇಳಬಾರದು ಎಂಬ ಸಾದಾ ಮಾತಿಗೆ ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಗಬೇಕಾಯಿತು! ಸಾಲಗುಂದದ ಲಾರಿ ಡ್ರೈವರ್ ಯಾವ ಕೋರ್ಟಿಗೆ ಹೋಗಬೇಕು?

2025ರ ಆಗಸ್ಟ್ 15ರಂದು 3,000 ರೂಪಾಯಿ ದರದಲ್ಲಿ ಶುರುವಾದ, 200 ಸಲ ದಾಟುವ ವಾರ್ಷಿಕ ಪಾಸ್ ಇದೆಯಲ್ಲ ಎನ್ನುತ್ತಾರೆ. ಅದು ಸ್ವಂತ ಬಳಕೆಯ ಕಾರು, ಜೀಪು, ವ್ಯಾನಿಗೆ ಮಾತ್ರ. ಅದೂ ರಾಷ್ಟ್ರೀಯ ಹೆದ್ದಾರಿಯಲ್ಲಿ ಮಾತ್ರ. ಬೆಂಗಳೂರು–ಮೈಸೂರು ರಸ್ತೆಯಲ್ಲಿ ವಾರಕ್ಕೆರಡು ಸಲ ಓಡಾಡುವವರಿಗೆ ಅದು ಹಬ್ಬ. ರಾಜ್ಯ ಹೆದ್ದಾರಿಯ ಗೇಟಿನಲ್ಲಿ ಅದೇ ಪಾಸ್ ನಡೆಯುವುದಿಲ್ಲ. ರಾಯಚೂರು ಜಿಲ್ಲೆಯ ಸಿಟ್ಟಿರುವುದು ಈ ರಾಜ್ಯ ಹೆದ್ದಾರಿ ಗೇಟುಗಳ ಮೇಲೆ. ದೇವದುರ್ಗದ ಕಡೆ ತಿಂಥಣಿ ಸೇತುವೆ–ಕಲ್ಮಲಾ ರಾಜ್ಯ ಹೆದ್ದಾರಿಯ ಟೋಲ್ ವಿರುದ್ಧ ಜನ ದನಿ ಎತ್ತಿದ್ದಾರೆ. ಎರಡು ಪಥದ ಆ ರಸ್ತೆ ಬಿಟ್ಟರೆ ಅವರು ಹೋಗುವುದು ಹೇಗೆ?

ಸಾಲ ಮಾಡಿ ರಸ್ತೆ ಕಟ್ಟಿದ್ದೇವೆ, ತೀರಿಸುವವರು ಯಾರು ಎಂಬುದು ರಾಜ್ಯ ಸರ್ಕಾರದ ವಾದ. ಹಗುರವಾದ ವಾದವಲ್ಲ. ಆದರೆ ಇದೇ ಸರ್ಕಾರ 2025ರ ಏಪ್ರಿಲ್ 1ರಿಂದ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 21.17ಕ್ಕೆ ಏರಿಸಿತು. ಲಾರಿ ಕುಡಿಯುವ ಪ್ರತಿ ಲೀಟರಿನಲ್ಲೂ ರಾಜ್ಯದ ಪಾಲಿದೆ. ಅದೇ ತಿಂಗಳ ಮಧ್ಯದಲ್ಲಿ ಲಾರಿ ಮಾಲೀಕರು ಮುಷ್ಕರ ಹೂಡಿದಾಗ ಡೀಸೆಲ್ ದರದ ಜೊತೆಗೆ ರಾಜ್ಯ ಹೆದ್ದಾರಿಗಳ ಟೋಲ್ ತೆಗೆಯಿರಿ ಎಂದೂ ಕೇಳಿದ್ದರು. ಇನ್ನೊಂದು ಕಡೆ, ಹಿಂದುಳಿದಿದೆ ಎಂದೇ ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನ ಪಡೆದ ಸೀಮೆಗೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಮೂಲಕ ಅನುದಾನ ಇಟ್ಟು, ಅದೇ ಸೀಮೆಯ ರಸ್ತೆಯಲ್ಲಿ ಗೇಟು ಹಾಕಿ ವಸೂಲಿಗೆ ಕೂರುವುದು ಯಾವ ಸೀಮೆಯ ಅಭಿವೃದ್ಧಿಯೋ.

ರಾಜ್ಯ ಹೆದ್ದಾರಿಗೆ ದಿಲ್ಲಿಯ ಅಪ್ಪಣೆ ಬೇಕಿಲ್ಲ, ಲೋಕೋಪಯೋಗಿ ಇಲಾಖೆ ಇರುವುದು ನಮ್ಮ ಬೆಂಗಳೂರಿನಲ್ಲೇ. ಎರಡೇ ಪಥವಿದ್ದು, ಬದಲಿ ದಾರಿ ಇಲ್ಲದ ಕಡೆ ಟೋಲ್ ತೆಗೆಯಲಿ. ಉಳಿದ ಕಡೆ ಗುಂಡಿ ಬಿದ್ದಿದೆ, ಕಾಮಗಾರಿ ಅರ್ಧಕ್ಕೆ ನಿಂತಿದೆ ಎಂದು ಇಲಾಖೆಯ ಎಂಜಿನಿಯರ್ ಬರೆದುಕೊಟ್ಟ ದಿನವೇ ಆ ಗೇಟಿನ ದರ ಕಂಪ್ಯೂಟರಿನಲ್ಲಿ ಸೊನ್ನೆಯಾಗಲಿ. ಅಷ್ಟರೊಳಗೆ ಕಡಿತವಾದ ಹಣ ಕೇಳದೆಯೇ ಅದೇ ಫಾಸ್ಟ್ಯಾಗ್ ಖಾತೆಗೆ ವಾಪಸ್ ಬೀಳಲಿ. ಕ್ಷಣದಲ್ಲಿ ಕತ್ತರಿಸಿಕೊಳ್ಳುವ ತಂತ್ರಾಂಶಕ್ಕೆ ಮರಳಿಸುವುದು ಕಷ್ಟ ಎಂದು ಯಾವ ಅಧಿಕಾರಿಯೂ ಹೇಳಲಾರ. ಹೇಳುವುದಾದರೆ ಸಿಂಧನೂರಿನ ಎಪಿಎಂಸಿ ಅಂಗಳಕ್ಕೆ ಬಂದು, ಚೀಲ ಎಣಿಸುತ್ತ ನಿಂತವರ ಎದುರೇ ಹೇಳಲಿ.