ಕೆಂಬಾಳೆಯ ಬೇರಿಗೆ ಎಣ್ಣೆಯ ಕಾವಲು

ಕಲಬುರಗಿಯ ಪೇಟೆಯಲ್ಲಿ ಕಮಲಾಪುರದ ಕೆಂಬಾಳೆಯನ್ನು ಕಂಡು ಬೆಲೆ ಕೇಳದವರು ಕಡಿಮೆ. ಕೇಳಿ ಸುಮ್ಮನೆ ಮುಂದೆ ಸಾಗಿದವರೂ ಇಲ್ಲದಿಲ್ಲ. ಬೀದರಿನ ಹಾದಿಯಲ್ಲಿರುವ ಆ ಊರಿನ ಈ ಹಣ್ಣಿಗೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ. ಹಣ್ಣಿನ ಸವಿಯನ್ನು ಬಲ್ಲವರು ಬಹುಮಂದಿ. ಆದರೆ ಗಿಡಕ್ಕೆ ಬೇಕಾದ ನೀರನ್ನೂ ಲವಣಗಳನ್ನೂ ನೆಲದಿಂದ ಆರಿಸಿ ಒಳಗೆ ಬಿಟ್ಟುಕೊಳ್ಳುವ ಬೇರಿನ ವ್ಯವಹಾರವನ್ನು ಬಲ್ಲವರು ವಿರಳ.

ಬೇರಿನ ಪ್ರತಿಯೊಂದು ಜೀವಕೋಶವನ್ನೂ ಒಂದು ಪೊರೆ ಆವರಿಸಿರುತ್ತದೆ. ಅಂತಹ ಹತ್ತು ಸಾವಿರ ಪೊರೆಗಳನ್ನು ಒಂದರ ಮೇಲೊಂದು ಪೇರಿಸಿದರೂ ಒಂದು ಹಾಳೆ ಕಾಗದದ ದಪ್ಪವನ್ನು ಮೀರಲಾರದು. ಎಣ್ಣೆಯ ಬಳಗಕ್ಕೆ ಸೇರಿದ ಲಿಪಿಡ್ ಅಣುಗಳು ಅಲ್ಲಿ ಎರಡು ಸಾಲಾಗಿ, ಬಾಲಗಳನ್ನು ನಡುವೆ ಅಡಗಿಸಿ, ತಲೆಗಳನ್ನು ನೀರಿನ ಕಡೆಗೆ ಚಾಚಿ ನಿಂತಿವೆ. ಕೆಲವು ತಲೆಗಳಲ್ಲಿ ಧನ ಋಣಗಳೆರಡೂ ಸರಿಸಮ. ಮತ್ತೆ ಕೆಲವು ಫಾಸ್ಫೇಟಿನ ದೆಸೆಯಿಂದ ಋಣ ವಿದ್ಯುತ್ತನ್ನು ಹೊತ್ತಿರುತ್ತವೆ.

ಈ ಎರಡನೆಯ ಬಗೆಯದರ ಮಹಿಮೆ ದೊಡ್ಡದು. ಸಾಸಿವೆಯ ದಾಯಾದಿಯಾದ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಫ್ರಾನ್ಸಿನ ಲಿಯೋನ್ ನಗರದ ವಿಜ್ಞಾನಿಗಳು ಇದನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದರು. ಫಾಸ್ಫಟಿಡಿಲ್ ಇನೊಸಿಟಾಲ್-4-ಫಾಸ್ಫೇಟ್ ಎಂಬ ಲಿಪಿಡ್ (ನಾಲಗೆ ತೊಡರಿದರೆ ಓದುಗರು ಕ್ಷಮಿಸಬೇಕು) ಕೋಶಪೊರೆಯ ಒಳಮೈಗೆ ಪ್ರಬಲವಾದ ಋಣ ವಿದ್ಯುತ್ತನ್ನು ಕೊಡುತ್ತದೆ. ಧನ ವಿದ್ಯುತ್ತುಳ್ಳ ಪ್ರೋಟೀನುಗಳು ಆ ಸೆಳೆತಕ್ಕೆ ಸಿಕ್ಕಿ ಅಲ್ಲಿಗೇ ಬಂದು ನೆಲಸುತ್ತವೆ. ಆ ಲಿಪಿಡನ್ನು ಕಡಿಮೆ ಮಾಡಿದಾಗ ಅವು ನೆಲೆತಪ್ಪಿದವು. ಕೋಶದೊಳಗಿನ ಬೇರೆ ಪೊರೆಗಳಲ್ಲಿ ಈ ವಿದ್ಯುತ್ತು ಅಷ್ಟು ಪ್ರಬಲವಲ್ಲ. ಹೀಗೆ ಪ್ರೋಟೀನಿಗೆ ತನ್ನ ಮನೆ ಯಾವುದೆಂದು ತಿಳಿಯುವುದು ಬಾಗಿಲ ವಿದ್ಯುತ್ತಿನಿಂದ! ಕೋಶದ ಒಳಹೊರಗಿನ ವೋಲ್ಟೇಜು ಮಾತ್ರ ಬೇರೆಯ ಸಂಗತಿ. ಅದನ್ನು ಹೆಚ್ಚಾಗಿ ಎಬ್ಬಿಸುವುದು ಹೈಡ್ರೊಜನ್ ಅಯಾನುಗಳನ್ನು ಹೊರದೂಡುವ ಪಂಪು.

ಪೊರೆಯ ಹೊರಮೈಯಲ್ಲಿಯೂ ಋಣ ವಿದ್ಯುತ್ತುಂಟು. ಸುಣ್ಣದ ಮೂಲಧಾತುವಾದ ಕ್ಯಾಲ್ಸಿಯಂ ಎರಡು ಪಾಲು ಧನ ವಿದ್ಯುತ್ತನ್ನು ಹೊತ್ತು ಅದಕ್ಕೆ ಅಂಟಿಕೊಂಡು, ನೆರೆಯ ಲಿಪಿಡುಗಳನ್ನು ಬಿಗಿಹಿಡಿಯುತ್ತದೆ. ನೀರು ಉಪ್ಪಾದರೆ ಸೋಡಿಯಂ ನುಗ್ಗಿ ಬಂದು ಕ್ಯಾಲ್ಸಿಯಮ್ಮನ್ನು ಸ್ಥಾನಭ್ರಷ್ಟಗೊಳಿಸುತ್ತದೆ. ಪೊರೆ ಸಡಿಲಗೊಂಡು, ಒಳಗಿರಬೇಕಾದ ಪೊಟ್ಯಾಸಿಯಂ ಸೋರಿಹೋಗುತ್ತದೆ. ಪೊಟ್ಯಾಸಿಯಮ್ಮನ್ನು ಅಪಾರವಾಗಿ ಬೇಡುವ ಬಾಳೆಗೆ ಇದು ಸಣ್ಣ ನಷ್ಟವಲ್ಲ. ಬಾಳೆ ಉಪ್ಪನ್ನು ತಾಳುವ ಬೆಳೆಯೂ ಅಲ್ಲ. ಎಲೆಯ ಅಂಚು ಸುಟ್ಟಂತೆ ಒಣಗುತ್ತದೆ, ಗೊನೆ ಬಡವಾಗುತ್ತದೆ. ಕೆಂಬಾಳೆಯಾದರೋ ಇತರ ಬಾಳೆಗಳಿಗಿಂತ ತಡವಾಗಿ ಫಲಕ್ಕೆ ಬರುವಂಥದು. ತಿಂಗಳುಗಟ್ಟಲೆ ಕಾದ ರೈತನಿಗೆ ಆ ನಷ್ಟವನ್ನು ತುಂಬಿಕೊಡುವವರಾರು?

ಸೋಡಿಯಂ ಹೆಚ್ಚಿದ ಸವಳು ನೆಲಕ್ಕೆ ಜಿಪ್ಸಂ ಹಾಕುವ ಪದ್ಧತಿಯುಂಟು. ಮುಖ್ಯವಾಗಿ ಅದು ಮಣ್ಣಿನ ಚಿಕಿತ್ಸೆ. ಆದರೆ ಜಿಪ್ಸಂ ಬಿಟ್ಟುಕೊಡುವ ಕ್ಯಾಲ್ಸಿಯಂ ಮಣ್ಣಿನ ಕಣಕ್ಕೆ ಮಾತ್ರ ಸಲ್ಲದೆ, ಬೇರಿನ ಎಣ್ಣೆಯ ಪೊರೆಗೂ ಸಲ್ಲುತ್ತದೆ.