ಬುಟ್ಟಿ ಕೆಳಗಿಳಿಯಲಿ

ಬ್ಯಾಸ್ಕೆಟ್‌ಬಾಲ್ ಆಡಿದರೆ ಮಗು ಎತ್ತರವಾಗಿ ಬೆಳೆಯುವುದೇ ಎಂದು ಕೇಳುವ ತಂದೆತಾಯಿಗಳನ್ನು ನಾನು ಅನೇಕ ಬಾರಿ ಕಂಡಿದ್ದೇನೆ. ಎತ್ತರವನ್ನು ಬಹುಮಟ್ಟಿಗೆ ನಿರ್ಣಯಿಸುವುವು ವಂಶ ಮತ್ತು ಆಹಾರ. ಎತ್ತರದವರಿಗೆ ಈ ಆಟ ಒಲಿಯುತ್ತದೆಯೇ ಹೊರತು ಆಟದಿಂದಲೇ ಅವರು ಎತ್ತರವಾದವರಲ್ಲ. ಆದರೆ ಅಳತೆಗೋಲಿಗೆ ಸಿಕ್ಕದ ಬೆಳವಣಿಗೆಯೊಂದಿದೆ. ಅದನ್ನು ಈ ಆಟ ಕೊಡಬಲ್ಲುದು.

ಇದು ಹುಟ್ಟಿದ್ದೇ ತರಗತಿಗಾಗಿ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನ ಉಪಾಧ್ಯಾಯ ಜೇಮ್ಸ್ ನೈಸ್ಮಿತ್, ಚಳಿಗಾಲದಲ್ಲಿ ಒಳಗೇ ಉಳಿದು ಬೇಸತ್ತ ತನ್ನ 18 ವಿದ್ಯಾರ್ಥಿಗಳಿಗಾಗಿ ಪೀಚ್ ಹಣ್ಣಿನ ಬುಟ್ಟಿಗಳನ್ನು 10 ಅಡಿ ಎತ್ತರದಲ್ಲಿ ಕಟ್ಟಿಸಿ, 13 ನಿಯಮಗಳನ್ನು ಬರೆದನು. ಚೆಂಡನ್ನು ಹಿಡಿದು ಓಡಕೂಡದು, ಎದುರಾಳಿಯನ್ನು ತಳ್ಳಕೂಡದು ಎಂಬುವು ಅವುಗಳಲ್ಲಿ ಮುಖ್ಯವಾದುವು. ಕೈಗೆ ಬಂದುದನ್ನು ‘ನನ್ನದು’ ಎಂದು ಅಪ್ಪಿಕೊಳ್ಳುವುದು ಮಗುವಿನ ಸ್ವಭಾವ. ಕೊಟ್ಟರೆ ಮಾತ್ರ ಆಟ ಮುಂದುವರಿಯುವುದೆಂಬುದನ್ನು ಅದು ಇಲ್ಲಿ ಉಪದೇಶವಿಲ್ಲದೆಯೇ ಅರಿಯುತ್ತದೆ.

ದೇಹಕ್ಕೂ ಇದು ಸಮಗ್ರ ಶಿಕ್ಷಣ. ಓಡಬೇಕು, ತಟ್ಟನೆ ನಿಲ್ಲಬೇಕು, ತಿರುಗಬೇಕು, ನೆಗೆಯಬೇಕು. ಕೈ ಚೆಂಡನ್ನು ಪುಟಿಸುತ್ತಿರುವಾಗಲೇ ಕಣ್ಣು ಜೊತೆಗಾರನನ್ನು ಅರಸಬೇಕು. ಎಡಗೈಯೂ ಸೋಮಾರಿಯಾಗಿರುವಂತಿಲ್ಲ. ಗುರಿ ತಪ್ಪಿದವನಿಗೆ ಅಳುತ್ತ ಕೂರಲು ಅವಕಾಶವಿಲ್ಲ. ಚೆಂಡು ಆಗಲೇ ಮರಳಿ ಬಂದಿರುತ್ತದೆ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚುರುಕಾದ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಗಲ್ಲಿಯ ಲಗೋರಿ ಮರೆಯಾಗುತ್ತಿರುವ ಪಟ್ಟಣಗಳಲ್ಲಿ ಆ ಒಂದು ಗಂಟೆಯನ್ನು ಶಾಲೆಯಲ್ಲದೆ ಮತ್ತಾರು ಕೊಡಬೇಕು?

ಆದರೆ ಎಷ್ಟೋ ಶಾಲೆಗಳಲ್ಲಿ ಇರುವುದು 10 ಅಡಿ ಎತ್ತರದ ಬಳೆ. ಅದು ಪಂದ್ಯಕ್ಕೆ ಆಯ್ದ ದೊಡ್ಡ ಹುಡುಗರ ಸೊತ್ತು. ಏಳು ವರ್ಷದ ಮಗು ಅಂಗಳದ ಅಂಚಿನಲ್ಲಿ ಪ್ರೇಕ್ಷಕ. ಹಿರಿಯರ ಭಾರವಾದ ಚೆಂಡನ್ನು ಅದರ ಕೈಗಿತ್ತು ಅಷ್ಟೆತ್ತರಕ್ಕೆ ಎಸೆಯೆಂದರೆ ಅದು ಕಲಿಯುವುದು ಆಟವನ್ನಲ್ಲ, ನಿರಾಶೆಯನ್ನು. 12ರೊಳಗಿನವರಿಗೆಂದೇ ರೂಪುಗೊಂಡ ಮಿನಿ ಬ್ಯಾಸ್ಕೆಟ್‌ಬಾಲಿನಲ್ಲಿ ಬಳೆಯ ಎತ್ತರ 2.60 ಮೀಟರು, ಎಂದರೆ ಸುಮಾರು ಎಂಟೂವರೆ ಅಡಿ, ಚೆಂಡೂ ಚಿಕ್ಕದು. ಇದಕ್ಕೆ ಬೇಕಾದುದು ಅಪಾರ ಹಣವಲ್ಲ, ಒಂದಿಷ್ಟು ಮನಸ್ಸು.

ಒಂದನೆಯ ತರಗತಿಯವರಿಗೆ ಮೂರನೆಯ ತರಗತಿಯ ಪುಸ್ತಕ ಕೊಡುವ ಉಪಾಧ್ಯಾಯನನ್ನು ನಾವು ಒಪ್ಪುವೆವೇ? ‘ಆಟಪಾಠ’ ಎಂಬ ನಮ್ಮ ಜೋಡುನುಡಿಯಲ್ಲಿ ಆಟವೇ ಮೊದಲು ಬರುತ್ತದೆ. ಮಗು ಬೆಳೆದು ಬುಟ್ಟಿಯನ್ನು ಮುಟ್ಟಲಿ ಎಂದು ಕಾಯುವುದು ಬೇಡ. ಬುಟ್ಟಿಯೇ ಮಗುವಿನ ಬಳಿಗೆ ಇಳಿದು ಬರಲಿ.